ಪರದೇಶದಲ್ಲಿರುವವರ ಪಾಸ್‌ಪೋರ್ಟ್ ಮತ್ತು ಊರಿನ ಕಪಾಟು

ಕಳೆದ ಆಟಿ ತಿಂಗಳ ಒಂದು ಸಂಜೆ ಬ್ರಹ್ಮಾವರದ ಹತ್ತಿರ ಅಕ್ಕನ ಮನೆಯಲ್ಲಿ ಕುಳಿತಿದ್ದೆ. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ಕುವೈತಿನಲ್ಲಿರುವ ಅವಳ ಮಗ ಫೋನ್ ಮಾಡಿದವನು ಊಟವಾಯಿತೇ ಎಂದೂ ಕೇಳದೆ, "ಅಮ್ಮಾ, ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೆಗೆದು ನೋಡು, ಅಪ್ಪನ ಹೆಸರಿನ ಕೊನೆಯ ಅಕ್ಷರ ಇಂಗ್ಲಿಷಿನಲ್ಲಿ ಯಾವುದು?" ಎಂದ. ಅಕ್ಕ ಕಪಾಟಿನಿಂದ ಪ್ಲಾಸ್ಟಿಕ್ ತೊಟ್ಟೆಯೊಂದನ್ನು ತೆಗೆದಳು. ಅಂಚಿನಲ್ಲಿ ಥಂಡಿ ಹಿಡಿದು ಹಳದಿಗಟ್ಟಿದ್ದ ಅಂಕಪಟ್ಟಿಯಲ್ಲಿ 'ಪೂಜಾರಿ' ಎಂಬ ಹೆಸರು 'ಐ' ಅಕ್ಷರದಿಂದ ಮುಗಿದಿತ್ತು. ಹತ್ತು ವರ್ಷಗಳ ಹಿಂದೆ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಅದೇ ಹೆಸರು 'ವೈ' ಅಕ್ಷರದಿಂದ ಮುಗಿದಿದೆ. ಕನ್ನಡದಲ್ಲಿ ಬರೆದರೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಪಾಸ್‌ಪೋರ್ಟಿನ ವ್ಯವಹಾರ ಕನ್ನಡದಲ್ಲಿ ನಡೆಯುವುದಿಲ್ಲ.

ಮಂಗಳೂರು, ಉಡುಪಿ ಕಡೆಯಲ್ಲಿ ಗಲ್ಫಿನಲ್ಲೋ ಹಡಗಿನಲ್ಲೋ ದುಡಿಯುವ ಒಬ್ಬರಾದರೂ ಇಲ್ಲದ ಕುಟುಂಬ ಸಿಗುವುದು ಕಷ್ಟ. ಆದರೂ ಹೊರದೇಶದಲ್ಲಿ ಪಾಸ್‌ಪೋರ್ಟ್ ಹೇಗೆ ಸಿಗುತ್ತದೆ, ಯಾರು ಕೊಡುತ್ತಾರೆ, ಯಾವ ಕಾರಣಕ್ಕೆ ನಿಲ್ಲುತ್ತದೆ ಎಂಬುದು ತೊಂದರೆ ಬಂದಾಗಲೇ ನಮ್ಮಲ್ಲಿ ಚರ್ಚೆಗೆ ಬರುತ್ತದೆ. ಅರ್ಜಿ ಕೊಡುವ ಕಿಟಕಿ ದುಬೈಯಲ್ಲಿರಲಿ, ದೋಹಾದಲ್ಲಿರಲಿ, ಆ ಅರ್ಜಿಯ ಬೇರು ಇರುವುದು ಊರಿನಲ್ಲಿ: ಪಂಚಾಯತಿನ ಜನನ ದಾಖಲೆಯಲ್ಲಿ, ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಸಮೀಪದ ಪೊಲೀಸ್ ಠಾಣೆಯಲ್ಲಿ ಮತ್ತು ಮನೆಯ ಕಪಾಟಿನಲ್ಲಿ. ಈ ಲೇಖನದಲ್ಲಿ ಮುಖ್ಯವಾಗಿ ವಿವರಿಸಲು ಹೊರಟಿರುವುದು ಈ ಸಂಬಂಧವನ್ನೇ.

ಮೊದಲು ಕಾನೂನಿನ ಮಾತು. ಭಾರತದಲ್ಲಿ ಪಾಸ್‌ಪೋರ್ಟ್‌ಗಳನ್ನು ನೀಡುವುದು 1967ರ ಪಾಸ್‌ಪೋರ್ಟ್ ಕಾಯ್ದೆಯ ಅಡಿಯಲ್ಲಿ. ಅದಕ್ಕೆ ಮೊದಲು ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಬಹುಮಟ್ಟಿಗೆ ಸರಕಾರದ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದೂ ಕಾನೂನಿನ ಆಧಾರವಿಲ್ಲದೆ ಅದನ್ನು ತಡೆಯುವಂತಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ 1967ರಲ್ಲಿ ಹೇಳಿದ ಮೇಲೆ ಅದೇ ವರ್ಷ ಈ ಕಾಯ್ದೆ ಬಂತು. 1978ರ ಮೇನಕಾ ಗಾಂಧಿ ಪ್ರಕರಣದ ತೀರ್ಪು ಈ ಹಕ್ಕನ್ನು ಸಂವಿಧಾನದ 21ನೇ ವಿಧಿಯ ಜೊತೆಗೆ ಇನ್ನಷ್ಟು ಗಟ್ಟಿಯಾಗಿ ಬೆಸೆಯಿತು. ಆದ್ದರಿಂದ ಪಾಸ್‌ಪೋರ್ಟ್ ಪಡೆಯುವುದು ಯಾರದೋ ಕೃಪೆಯಿಂದ ಆಗುವ ಕೆಲಸವಲ್ಲ. ನಿರಾಕರಿಸುವುದಾದರೆ ಕಾಯ್ದೆಯಲ್ಲಿ ಹೇಳಿದ ಕಾರಣವೇ ಇರಬೇಕು ಮತ್ತು ಸಾಮಾನ್ಯವಾಗಿ ಅದನ್ನು ಬರಹದಲ್ಲಿ ದಾಖಲಿಸಬೇಕು.

ಇದೇ ಕಾಯ್ದೆಯ 17ನೇ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಎಂಬ ಪುಸ್ತಿಕೆ ಎಂದೆಂದೂ ಕೇಂದ್ರ ಸರಕಾರದ ಸ್ವತ್ತು. ಅದು ನಮ್ಮ ಕೈಯಲ್ಲಿರುತ್ತದೆಯೇ ಹೊರತು ನಮ್ಮ ಆಸ್ತಿಯಲ್ಲ. ಈ ಮಾತು ಗಲ್ಫಿನಲ್ಲಿ ದುಡಿಯುವ ನಮ್ಮವರಿಗೆ ಬಹಳ ಮುಖ್ಯ. ಕೆಲಸಕ್ಕೆ ಸೇರಿದ ದಿನವೇ ಕಫೀಲನೋ (ವೀಸಾಕ್ಕೆ ಹೊಣೆ ನಿಂತ ಅಲ್ಲಿನ ಮಾಲಿಕ) ಕಂಪೆನಿಯ ಗುಮಾಸ್ತನೋ ಪಾಸ್‌ಪೋರ್ಟನ್ನು ಇಸಿದುಕೊಂಡು ಪೆಟ್ಟಿಗೆಯಲ್ಲಿಡುವ ಪದ್ಧತಿ ಬಹಳ ಕಾಲ ನಡೆದುಬಂದಿದೆ. ನೌಕರಿಯ ಕರಾರಿಗೆ ಅದು ಒತ್ತೆಯೆಂಬಂತೆ ನಮ್ಮವರೂ ಒಪ್ಪಿಕೊಂಡುಬಿಡುತ್ತಾರೆ. ಭಾರತ ಸರಕಾರದ ಸ್ವತ್ತನ್ನು ಒತ್ತೆಯಾಗಿ ಇರಿಸಿಕೊಳ್ಳಲು ಯಾವ ಮಾಲಿಕನಿಗೂ ಹಕ್ಕಿಲ್ಲ. ಗಲ್ಫಿನ ಹಲವು ದೇಶಗಳ ಕಾನೂನುಗಳೂ ಇದನ್ನು ನಿಷೇಧಿಸಿವೆ. ಹೀಗೆ ಪಾಸ್‌ಪೋರ್ಟ್ ಕೈತಪ್ಪಿದವರು ರಾಯಭಾರ ಕಚೇರಿಯ ಕಾರ್ಮಿಕ ವಿಭಾಗದಲ್ಲೋ, ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ 'ಮದದ್' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲೋ ದೂರು ದಾಖಲಿಸಬಹುದು. ಮಗನೋ ಗಂಡನೋ ಅಲ್ಲಿಂದ ದೂರು ಕೊಡಲಾಗದ ಸ್ಥಿತಿಯಲ್ಲಿದ್ದರೆ ಊರಿನಲ್ಲಿರುವ ಮನೆಯವರೇ ಮದದ್‌ನಲ್ಲಿ ದೂರು ಸಲ್ಲಿಸಲು ಅವಕಾಶವಿದೆ.

ಹೊರದೇಶದಲ್ಲಿ ಪಾಸ್‌ಪೋರ್ಟ್ ಕೊಡುವವರು ಯಾರು? ತನ್ನ ಪ್ರಜೆಗಳಿಗೆ ಪಾಸ್‌ಪೋರ್ಟ್ ಹಾಗೂ ಪ್ರಯಾಣ ದಾಖಲೆಗಳನ್ನು ಕೊಡುವುದು ದೂತಾವಾಸದ ಕೆಲಸಗಳಲ್ಲಿ ಒಂದು ಎಂದು 1963ರ ವಿಯೆನ್ನಾ ಒಪ್ಪಂದ ಸ್ಪಷ್ಟವಾಗಿ ಹೇಳಿದೆ. ಅದರಂತೆ ಅಬುಧಾಬಿ, ರಿಯಾದ್, ಕುವೈತ್, ದೋಹಾ, ಮಸ್ಕತ್, ಮನಾಮಾಗಳಲ್ಲಿರುವ ಭಾರತದ ರಾಯಭಾರ ಕಚೇರಿಗಳು, ದುಬೈ ಮತ್ತು ಜಿದ್ದಾಗಳಲ್ಲಿರುವ ಕಾನ್ಸುಲೇಟ್‌ಗಳು ನಮ್ಮವರ ಪಾಲಿಗೆ ಪಾಸ್‌ಪೋರ್ಟ್ ಕಚೇರಿಗಳೇ ಆಗಿವೆ. ಆದರೆ ಅಲ್ಲಿಗೆ ಹೋದವರು ಹೆಚ್ಚಾಗಿ ಕಾಣುವುದು ರಾಯಭಾರ ಕಚೇರಿಯ ಅಧಿಕಾರಿಯನ್ನಲ್ಲ, ಹೊರಗುತ್ತಿಗೆ ಪಡೆದ ಖಾಸಗಿ ಸಂಸ್ಥೆಯ ನೌಕರನನ್ನು. ಆ ಕೇಂದ್ರ ಅರ್ಜಿಯನ್ನೂ ಶುಲ್ಕವನ್ನೂ ಸ್ವೀಕರಿಸುತ್ತದೆ, ಕಾಗದಗಳನ್ನು ಹೊಂದಿಸಿ ಕಚೇರಿಗೆ ತಲುಪಿಸುತ್ತದೆ. ಪಾಸ್‌ಪೋರ್ಟ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ. ಅರ್ಜಿ ತುಂಬಿಸಿಕೊಡುವುದು, ಫೋಟೋ ತೆಗೆಯುವುದು, ಕೊರಿಯರ್, ಮೊಬೈಲ್ ಸಂದೇಶ ಮುಂತಾಗಿ ಅಲ್ಲಿ ನೀಡುವ ಹೆಚ್ಚುವರಿ ಸೇವೆಗಳು ಸಾಮಾನ್ಯವಾಗಿ ನಮ್ಮ ಇಚ್ಛೆಗೆ ಬಿಟ್ಟವು. ರಸೀದಿಯಲ್ಲಿ ಸರಕಾರದ ಶುಲ್ಕ ಎಷ್ಟು, ಸೇವಾ ಶುಲ್ಕ ಎಷ್ಟು, ತಾನು ಕೇಳದೆಯೇ ಸೇರಿಸಿದ್ದು ಎಷ್ಟು ಎಂದು ನೋಡಿ ಹಣ ಕೊಡುವುದು ಒಳ್ಳೆಯದು. ದಿನಗೂಲಿಯವನಿಗೆ ಆ ವ್ಯತ್ಯಾಸ ಸಣ್ಣದಲ್ಲ.

2018ರಿಂದ ಈಚೆಗೆ ವಿದೇಶಗಳಲ್ಲಿನ ಭಾರತೀಯ ಕಚೇರಿಗಳನ್ನು ಒಂದೊಂದಾಗಿ ಪಾಸ್‌ಪೋರ್ಟ್ ಸೇವಾ ಜಾಲಕ್ಕೆ ಜೋಡಿಸಲಾಗಿದೆ. ಆದ್ದರಿಂದ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹತ್ತು ವರ್ಷಗಳ ಹಿಂದೆ ಕೊಟ್ಟ ಮಾಹಿತಿ ಇಂದು ಮಸ್ಕತ್‌ನಲ್ಲಿ ಕುಳಿತ ಅಧಿಕಾರಿಯ ಕಣ್ಣ ಮುಂದೆಯೇ ಇರುತ್ತದೆ. ಇದರಿಂದ ಕೆಲಸ ಬೇಗವಾಗುತ್ತದೆ ಎಂಬುದು ನಿಜ. ಅಂದು ಬರೆಸಿದ್ದಕ್ಕೂ ಇಂದು ಬರೆಯುವುದಕ್ಕೂ ಹೊಂದದಿದ್ದರೆ ಅದೂ ಅಷ್ಟೇ ಬೇಗ ಗೊತ್ತಾಗುತ್ತದೆ.

ಇಲ್ಲಿ ಒಂದು ಪದವನ್ನು ಬಿಡಿಸಿ ನೋಡಬೇಕು. ನಾವೆಲ್ಲ 'ಪಾಸ್‌ಪೋರ್ಟ್ ರಿನ್ಯೂ ಮಾಡಿಸುವುದು' ಎನ್ನುತ್ತೇವೆ. ಅವಧಿ ಮುಗಿದ ಪಾಸ್‌ಪೋರ್ಟಿಗೆ ಈಗ ಭಾರತ ಮಾಡುವುದು ನವೀಕರಣವನ್ನಲ್ಲ, ಮರುವಿತರಣೆಯನ್ನು. ವಾಹನದ ವಿಮೆಯಂತೆ ಹಣ ಕಟ್ಟಿ ಅವಧಿ ವಿಸ್ತರಿಸಿಕೊಳ್ಳುವ ವ್ಯವಹಾರ ಇದಲ್ಲ. ಹಳೆಯ ಪುಸ್ತಿಕೆ ರದ್ದಾಗಿ, ಹೊಸ ಸಂಖ್ಯೆಯ ಹೊಸ ಪುಸ್ತಿಕೆ ಬರುತ್ತದೆ. ನೀವು ಯಾರು, ಯಾರ ಮಕ್ಕಳು, ಎಲ್ಲಿ ಹುಟ್ಟಿದಿರಿ, ನಿಮ್ಮ ಮೇಲೆ ಪ್ರಕರಣಗಳಿವೆಯೇ ಎಂಬ ಪ್ರಶ್ನೆಗಳೆಲ್ಲ ಮತ್ತೆ ಎದುರಾಗುತ್ತವೆ. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು, ಹಾಕುವುದೇ ಸರಿ. ಅನೇಕ ದೇಶಗಳು ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಬಯಸುವುದರಿಂದ ಹತ್ತು ವರ್ಷದ ಪಾಸ್‌ಪೋರ್ಟ್ ಬಳಕೆಯ ಲೆಕ್ಕದಲ್ಲಿ ಒಂಬತ್ತೂವರೆ ವರ್ಷದ್ದು. ಹಳೆಯ ಪುಸ್ತಿಕೆಯಲ್ಲಿ ಅವಧಿ ಇರುವ ವೀಸಾ ಇದ್ದರೆ ಎರಡನ್ನೂ ಜೊತೆಯಲ್ಲಿಟ್ಟುಕೊಂಡು ಪ್ರಯಾಣಿಸುವುದು ರೂಢಿಯಾದರೂ, ವಾಸದ ಪರವಾನಗಿಯಲ್ಲಿ ಹೊಸ ಸಂಖ್ಯೆಯನ್ನು ದಾಖಲಿಸುವ ಕೆಲಸ ಆಯಾ ದೇಶದ ನಿಯಮದಂತೆ ಬೇರೆಯೇ ಆಗಬೇಕು.

ಹಡಗಿನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಅವರ ಪಾಸ್‌ಪೋರ್ಟಿನಲ್ಲಿ ಅವಧಿಗಿಂತ ಮೊದಲು ಪುಟಗಳು ಮುಗಿಯುತ್ತವೆ. ಭಾರತದಲ್ಲಿ ವಯಸ್ಕರ 36 ಪುಟಗಳ ಪುಸ್ತಿಕೆಗೆ 1,500 ರೂಪಾಯಿ, 60 ಪುಟಗಳದ್ದಕ್ಕೆ 2,000 ರೂಪಾಯಿ ಶುಲ್ಕ. ರಜೆಯಲ್ಲಿ ಊರಿಗೆ ಬಂದಾಗಲೇ ದೊಡ್ಡ ಪುಸ್ತಿಕೆ ಮಾಡಿಸಿಕೊಂಡರೆ ಯಾವುದೋ ಬಂದರಿನಲ್ಲಿ ಪರದಾಡುವುದು ತಪ್ಪುತ್ತದೆ.

ಇನ್ನು ಹೆಸರಿನ ವಿಷಯ. ನಮ್ಮ ಕರಾವಳಿಯ ಮಟ್ಟಿಗೆ ಇದಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ಇನ್ನೊಂದಿಲ್ಲ. ನಿಮ್ಮ ಪಾಸ್‌ಪೋರ್ಟ್ ತೆರೆದು ಫೋಟೋ ಇರುವ ಪುಟದ ಕೆಳಭಾಗ ನೋಡಿ. ಅಲ್ಲಿ ಎರಡು ಸಾಲುಗಳಿವೆ, ಒಂದೊಂದರಲ್ಲೂ 44 ಗುರುತುಗಳು. ಮೊದಲ ಸಾಲು 'ಪಿ' ಎಂಬ ಅಕ್ಷರದಿಂದ ಆರಂಭವಾಗುತ್ತದೆ, ಅದರ ಪಕ್ಕದಲ್ಲಿ ಎಡಕ್ಕೆ ತಿರುಗಿದ ಮೊನೆಯಂಥ ಒಂದು ಚಿಹ್ನೆ, ಆಮೇಲೆ ಭಾರತವನ್ನು ಸೂಚಿಸುವ 'ಐಎನ್‌ಡಿ'. ಅದರ ಬೆನ್ನಿಗೇ ಕುಲನಾಮ, ಎರಡು ಮೊನೆಗಳು, ಬಳಿಕ ಸ್ವಂತ ಹೆಸರು. ಉಳಿದ ಜಾಗದಲ್ಲೆಲ್ಲ ಮೊನೆಗಳ ಸಾಲು. ಎರಡನೆಯ ಸಾಲಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ರಾಷ್ಟ್ರೀಯತೆ, ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಹುಟ್ಟಿದ ದಿನಾಂಕ, ಲಿಂಗ, ಅವಧಿ ಮುಗಿಯುವ ದಿನ, ನಡುನಡುವೆ ಇವೆಲ್ಲ ಸರಿಯಿವೆಯೇ ಎಂದು ತಾಳೆ ನೋಡುವ ಅಂಕಿಗಳು. ಬಜಪೆಯ ವಿಮಾನ ನಿಲ್ದಾಣದಲ್ಲಾಗಲಿ, ದಮ್ಮಾಮ್‌ನಲ್ಲಾಗಲಿ ಯಂತ್ರ ಓದುವುದು ಈ ಎರಡು ಸಾಲುಗಳನ್ನು. ಅದಕ್ಕೆ ಇಂಗ್ಲಿಷಿನ 26 ದೊಡ್ಡಕ್ಷರಗಳು, ಹತ್ತು ಅಂಕಿಗಳು ಮತ್ತು ಆ ಮೊನೆ ಬಿಟ್ಟು ಬೇರೇನೂ ತಿಳಿಯದು. 'ಡಿಸೋಜ' ಎಂಬ ಹೆಸರಿನಲ್ಲಿ 'ಡಿ' ಆದ ಮೇಲೆ ತಲೆಯ ಮೇಲೊಂದು ಸಣ್ಣ ಗೆರೆ ಎಳೆಯುವುದು ನಮ್ಮ ಕೊಂಕಣಿ ಕ್ರೈಸ್ತ ಕುಟುಂಬಗಳಲ್ಲಿ ರೂಢಿ. ಯಂತ್ರದ ಸಾಲಿನಲ್ಲಿ ಆ ಗೆರೆಗೆ ಜಾಗವಿಲ್ಲ, ಅದು ಮಾಯವಾಗಿ ಅಕ್ಷರಗಳು ಕೂಡಿಕೊಳ್ಳುತ್ತವೆ. ಜನನ ಪತ್ರದಲ್ಲಿ ಗೆರೆಯಿರುವ ಹೆಸರು, ಮದುವೆಯ ದಾಖಲೆಯಲ್ಲಿ 'ಡಿ' ಬಿಟ್ಟು ಜಾಗ, ಪಾಸ್‌ಪೋರ್ಟಿನಲ್ಲಿ ಕೂಡಿಸಿ ಬರೆದದ್ದು ಎಂದು ಮೂರು ಬಗೆಯಾದಾಗ, ಮೂರೂ ಒಬ್ಬರದೇ ಎಂದು ನಂಬಿಸುವ ಹೊಣೆ ಅರ್ಜಿದಾರರ ಮೇಲೆ ಬೀಳುತ್ತದೆ.

ಕುಲನಾಮವೇ ಇಲ್ಲದವರ ಕಷ್ಟ ಇನ್ನೊಂದು ಬಗೆಯದು. ನಮ್ಮಲ್ಲಿ ಹೆಸರಿನ ಮುಂದೆ ಊರಿನದೋ ಮನೆಯದೋ ತಂದೆಯದೋ ಮೊದಲಕ್ಷರವನ್ನು ಇಡುವುದು ಪದ್ಧತಿ. ಬ್ಯಾರಿ ಕುಟುಂಬಗಳ ಹಿರಿಯರಲ್ಲಿ ಒಂದೇ ಪದದ ಹೆಸರಿನವರು ಎಷ್ಟೋ ಮಂದಿ. ಅರ್ಜಿಯಲ್ಲಿ ಮೊದಲಕ್ಷರಗಳನ್ನು ಹಾಗೆಯೇ ಬರೆಯುವಂತಿಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ಶಾಲೆಯಲ್ಲಿ 'ಕೆ. ಅಶೋಕ' ಆಗಿದ್ದವನು ಹೀಗೆ ಪಾಸ್‌ಪೋರ್ಟಿನಲ್ಲಿ ಹೊಸ ಮನುಷ್ಯನಂತೆ ಕಾಣಿಸಿಕೊಳ್ಳುತ್ತಾನೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ಪ್ರವಾಸಿ ಮತ್ತು ಸಂದರ್ಶಕ ವೀಸಾದಲ್ಲಿ ಒಳಬಿಡುವುದಿಲ್ಲ ಎಂದು ಸೂಚನೆ ಹೊರಡಿಸಿದಾಗ, ಮಕ್ಕಳ ಮನೆಗೆ ಹೊರಟಿದ್ದ ಇಂಥ ತಂದೆತಾಯಂದಿರಿಗೆ ದಿಕ್ಕು ತೋಚದಂತಾಯಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪಲಾಗುವುದು ಎಂಬ ಸ್ಪಷ್ಟನೆ ಆಮೇಲೆ ಬಂತು. ಆದರೂ ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ಕುಲನಾಮದ ಅಂಕಣವನ್ನು ಖಾಲಿ ಬಿಡದಿರುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಕಾಗುಣಿತದ ಸಣ್ಣ ತಿದ್ದುಪಡಿಗೂ ಹೆಸರಿನ ಬದಲಾವಣೆಗೂ ವ್ಯತ್ಯಾಸವಿದೆ. ಒಂದು ಅಕ್ಷರದ ತಿದ್ದುಪಡಿಯನ್ನು ಬೇರೆ ದಾಖಲೆಗಳ ಆಧಾರದಲ್ಲಿ ಹೆಚ್ಚು ಕಷ್ಟವಿಲ್ಲದೆ ಮಾಡಿಸಿಕೊಳ್ಳಬಹುದು. ಹೆಸರೇ ಬದಲಾಗುವುದಾದರೆ ಪ್ರಮಾಣಿತ ಹೇಳಿಕೆ, ಪತ್ರಿಕಾ ಪ್ರಕಟಣೆ ಮುಂತಾದವನ್ನು ಕೇಳುತ್ತಾರೆ, ಮತ್ತು ಹೊರದೇಶದಲ್ಲಿದ್ದು ಇದನ್ನೆಲ್ಲ ಹೊಂದಿಸಲು ಊರಿನಲ್ಲಿ ಓಡಾಡುವ ಒಬ್ಬರು ಬೇಕೇ ಬೇಕು. ನಮ್ಮ ಹುಡುಗನ 'ಐ' ಮತ್ತು 'ವೈ' ಮೊದಲನೆಯ ಬಗೆಯದು. ಹಳೆಯ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬಿಡುವುದು ಲೇಸೆಂದು ನಾನು ಹೇಳಿದೆ, ಏಕೆಂದರೆ ಅವನ ವಾಸದ ಪರವಾನಗಿ, ಬ್ಯಾಂಕು ಖಾತೆ, ಕೆಲಸದ ಕರಾರು ಎಲ್ಲವೂ ಆ ಪಾಸ್‌ಪೋರ್ಟನ್ನೇ ಅನುಸರಿಸಿವೆ. ಒಂದನ್ನು ಸರಿಪಡಿಸಹೋಗಿ ನಾಲ್ಕನ್ನು ಕೆಡಿಸಿಕೊಳ್ಳುವುದು ಬೇಡ.

ಹುಟ್ಟೂರಿನ ಹೆಸರೂ ನಮ್ಮ ಕಡೆ ಬದಲಾದದ್ದುಂಟು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 25ರಂದು. ಅದಕ್ಕೆ ಮೊದಲು ಕುಂದಾಪುರದಲ್ಲೋ ಕಾರ್ಕಳದಲ್ಲೋ ಹುಟ್ಟಿದವರ ಜನನ ಪತ್ರದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯೆಂದಿದ್ದರೆ ಅದು ತಪ್ಪಲ್ಲ. 2014ರ ನವೆಂಬರ್ 1ರಿಂದ ಮಂಗಳೂರಿನ ಇಂಗ್ಲಿಷ್ ಹೆಸರೂ ಅಧಿಕೃತವಾಗಿ ಬದಲಾಯಿತು. ಹಳೆಯ ಪಾಸ್‌ಪೋರ್ಟಿನಲ್ಲಿ ಒಂದು ರೂಪ, ಹೊಸ ದಾಖಲೆಯಲ್ಲಿ ಇನ್ನೊಂದು ರೂಪ ಇದ್ದರೆ ಗಾಬರಿಯಾಗಬೇಕಿಲ್ಲ. ಅರ್ಜಿ ತುಂಬುವವರಿಗೆ ಈ ಇತಿಹಾಸ ಗೊತ್ತಿಲ್ಲದಿದ್ದಾಗ ಮಾತ್ರ ಎಡವಟ್ಟಾಗುತ್ತದೆ.

ಅರ್ಜಿಯಲ್ಲಿ ಭಾರತದ ವಿಳಾಸ ಕೊಟ್ಟಿದ್ದರೆ, ಪೊಲೀಸ್ ಪರಿಶೀಲನೆ ಬೇಕೆಂದು ಕಂಡಾಗ ವಿಷಯ ಊರಿನ ಠಾಣೆಗೆ ಬರುತ್ತದೆ. ಗಲ್ಫಿನ ದುಡ್ಡಿನಿಂದ ಕಟ್ಟಿದ ದೊಡ್ಡ ಮನೆಗಳು ಬೀಗ ಹಾಕಿ ನಿಂತಿರುವುದು ಶಿರ್ವ, ಕಾಪು, ಮೂಲ್ಕಿಯ ದಾರಿಯುದ್ದಕ್ಕೂ ಕಾಣುವ ನೋಟ. ಪೊಲೀಸರು ಬಂದಾಗ ಬಾಗಿಲು ತೆರೆಯುವವರಿಲ್ಲದಿದ್ದರೆ, ಆ ವಿಳಾಸದಲ್ಲಿ ಇಂಥವರು ಸಿಗಲಿಲ್ಲ ಎಂಬ ವರದಿ ಹೋಗಿ ಅಲ್ಲಿ ಅರ್ಜಿ ತಡೆಯಾಗಬಹುದು. ಅರ್ಜಿ ಹಾಕಿದ ಸುದ್ದಿಯನ್ನು ಮನೆಯವರಿಗೂ ನೆರೆಯವರಿಗೂ ತಿಳಿಸಿಡುವುದು ಅಗತ್ಯ.

ಇದಕ್ಕಿಂತ ಗಂಭೀರವಾದದ್ದು ನ್ಯಾಯಾಲಯದಲ್ಲಿರುವ ಪ್ರಕರಣ. ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಮಿನ ಪ್ರಕಾರ ಭಾರತದ ನ್ಯಾಯಾಲಯದಲ್ಲಿ ಕ್ರಿಮಿನಲ್ ಮೊಕದ್ದಮೆ ಬಾಕಿ ಇರುವವರಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಜಾಗದ ಗಡಿ ತಕರಾರು ಕೇವಲ ಸಿವಿಲ್ ದಾವೆಯಾಗಿದ್ದರೆ ಅಡ್ಡಿಯಿಲ್ಲ. ಆದರೆ ಅದೇ ತಕರಾರಿನಲ್ಲಿ ಕೈಕೈ ಮಿಲಾಯಿಸಿ, ಅಣ್ಣತಮ್ಮಂದಿರೆಲ್ಲರ ಹೆಸರು ಸೇರಿಸಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದ್ದರೆ, ದೋಹಾದಲ್ಲಿರುವ ತಮ್ಮನ ಪಾಸ್‌ಪೋರ್ಟ್ ನಿಲ್ಲುವುದು ಉಡುಪಿಯ ನ್ಯಾಯಾಲಯದ ಕಡತದಿಂದ. ಎಫ್‌ಐಆರ್ ದಾಖಲಾದ ಮಾತ್ರಕ್ಕೆ ಮೊಕದ್ದಮೆ ಬಾಕಿಯಿದೆ ಎಂದಾಗುವುದಿಲ್ಲ, ನ್ಯಾಯಾಲಯ ಅದನ್ನು ವಿಚಾರಣೆಗೆ ಅಂಗೀಕರಿಸಿರಬೇಕು ಎಂದು ಹೈಕೋರ್ಟುಗಳು ಹೇಳಿವೆ. ಮೊಕದ್ದಮೆ ಇದ್ದವರಿಗೂ ದಾರಿ ಮುಚ್ಚಿಲ್ಲ. 1993ರ ಆಗಸ್ಟ್ 25ರ ಕೇಂದ್ರ ಸರಕಾರದ ಅಧಿಸೂಚನೆಯಂತೆ, ಆ ನ್ಯಾಯಾಲಯದ ಅನುಮತಿ ಪಡೆದರೆ ಅದು ಹೇಳಿದ ಅವಧಿಗೆ, ಅವಧಿ ಹೇಳದಿದ್ದರೆ ಒಂದು ವರ್ಷಕ್ಕೆ ಪಾಸ್‌ಪೋರ್ಟ್ ಸಿಗುತ್ತದೆ. ಪ್ರಕರಣವನ್ನು ಮುಚ್ಚಿಟ್ಟು ಅರ್ಜಿ ಹಾಕುವುದು ಮಾತ್ರ ಬೇಡ. ಸುಳ್ಳು ಮಾಹಿತಿ ಕೊಟ್ಟು ಪಾಸ್‌ಪೋರ್ಟ್ ಪಡೆಯುವುದಕ್ಕೆ 12ನೇ ಕಲಮಿನಲ್ಲಿ ಎರಡು ವರ್ಷದವರೆಗಿನ ಸೆರೆವಾಸವುಂಟು.

ಮಕ್ಕಳ ವಿಷಯಕ್ಕೆ ಬರೋಣ. ದುಬೈಯಲ್ಲಿ ದಂಪತಿಗೆ ಮಗು ಹುಟ್ಟಿದರೆ ಅದು ತಾನಾಗಿಯೇ ಭಾರತೀಯ ಎಂದು ನಮ್ಮವರಲ್ಲಿ ಬಹಳ ಜನರ ನಂಬಿಕೆ. 1955ರ ಪೌರತ್ವ ಕಾಯ್ದೆಯ 4ನೇ ಕಲಮು ಹಾಗೆ ಹೇಳುವುದಿಲ್ಲ. ತಂದೆ ಅಥವಾ ತಾಯಿ ಭಾರತದ ಪ್ರಜೆಯಾಗಿರಬೇಕು, ಅದರ ಜೊತೆಗೆ 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು. ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ವರ್ಷ ಮೀರಿದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುತ್ತದೆ. ಆಸ್ಪತ್ರೆಯೋ ಆ ದೇಶದ ಆರೋಗ್ಯ ಇಲಾಖೆಯೋ ಕೊಡುವ ಜನನ ಪತ್ರ ಈ ನೋಂದಣಿಗೆ ಆಧಾರವೇ ಹೊರತು ಅದೇ ನೋಂದಣಿಯಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ: ಗಲ್ಫ್ ದೇಶಗಳು ತಮ್ಮ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪರದೇಶಿಗಳ ಮಕ್ಕಳಿಗೆ ಪೌರತ್ವ ಕೊಡುವುದಿಲ್ಲ. ತಂದೆತಾಯಿಯ ವೀಸಾ ಮುಗಿದದ್ದರಿಂದಲೋ ಸಾಲದ ಭಯದಿಂದಲೋ ನೋಂದಣಿ ತಪ್ಪಿದ ಮಗು ಎರಡು ದೇಶಗಳ ನಡುವೆ ಯಾವ ಕಾಗದವೂ ಇಲ್ಲದೆ ಉಳಿದುಬಿಡುತ್ತದೆ. ಶಾಲೆಗೆ ಸೇರಿಸುವಂತಿಲ್ಲ, ಊರಿಗೆ ಕರೆತರುವಂತಿಲ್ಲ. ಅಜ್ಜಿಯ ಮನೆ ನೋಡದೆ ಬೆಳೆಯುವ ಅಂಥ ಮಗುವಿನ ತಪ್ಪಾದರೂ ಏನು? ಬಾಣಂತಿ ಆರೈಕೆಗೆ ಇಲ್ಲಿಂದ ಹೋಗುವ ಅಮ್ಮಂದಿರು ಮರಳುವ ಮುನ್ನ ಈ ನೋಂದಣಿಯಾಯಿತೇ ಎಂದು ಕೇಳಿಯೇ ಹೊರಡಬೇಕು.

ಅಮೆರಿಕದಲ್ಲಿ ಹುಟ್ಟಿದ ಮಗುವಿನ ಕಥೆ ಇದಕ್ಕೆ ವಿರುದ್ಧ. ಅಲ್ಲಿ ಹುಟ್ಟಿನಿಂದಲೇ ಪೌರತ್ವ ಸಿಗುವ ಪದ್ಧತಿ ಇರುವುದರಿಂದ ಹೆಚ್ಚಿನವರು ಅಲ್ಲಿನ ಪಾಸ್‌ಪೋರ್ಟನ್ನೇ ಮಾಡಿಸುತ್ತಾರೆ. ಆಮೇಲೆ ಭಾರತದ ಪಾಸ್‌ಪೋರ್ಟ್ ಸಿಗದು, ಸಿಗುವುದು ಸಾಗರೋತ್ತರ ಭಾರತೀಯ ನಾಗರಿಕ ಎಂಬ ಚೀಟಿ, ಅಂದರೆ ಒಸಿಐ ಕಾರ್ಡ್.

ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದು ವರ್ಷ, ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಷ್ಟು. 15 ದಾಟಿದವರು ಹತ್ತು ವರ್ಷದ್ದನ್ನು ಕೇಳಬಹುದು. ತಾಯಿ ಮತ್ತು ಮಗು ಉಡುಪಿಯಲ್ಲಿದ್ದು ತಂದೆ ಹೊರಗಿದ್ದಾಗ ಮಂಗಳೂರಿನಲ್ಲಿ ಮಗುವಿನ ಅರ್ಜಿ ಕೊಡುವುದಾದರೆ, ಒಪ್ಪಿಗೆಯಿದೆಯೆಂಬ ತಂದೆಯ ಪ್ರಮಾಣಿತ ಹೇಳಿಕೆಗೆ ಅಲ್ಲಿನ ಭಾರತೀಯ ಕಚೇರಿಯ ದೃಢೀಕರಣ ಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಸಹಿಯ ಚಿತ್ರ ಹಿಡಿದು ಬಂದವರು ದಿನ ಕಳೆದುಕೊಂಡು ಮರಳುವುದನ್ನು ನಾನು ಕಂಡಿದ್ದೇನೆ.

ಪಾಸ್‌ಪೋರ್ಟ್ ಕಳೆದುಹೋದರೆ ಮೊದಲು ಅಲ್ಲಿನ ಪೊಲೀಸರಲ್ಲಿ ದೂರು, ಆಮೇಲೆ ದೂತಾವಾಸದಲ್ಲಿ ಅರ್ಜಿ. ಒಮ್ಮೆ ಕಳೆದಿದೆಯೆಂದು ದಾಖಲಾದರೆ ಆ ಸಂಖ್ಯೆ ರದ್ದಾಗುತ್ತದೆ. ಮರುದಿನ ಕಾರಿನ ಸೀಟಿನಡಿಯಲ್ಲಿ ಸಿಕ್ಕಿದರೂ ಅದನ್ನು ಹಿಡಿದು ಪ್ರಯಾಣಿಸುವಂತಿಲ್ಲ. ಅಲ್ಲೇ ಇದ್ದು ದುಡಿಯುವವರಿಗೆ ಹೊಸ ಪಾಸ್‌ಪೋರ್ಟ್ ಬೇಕು. ಕೂಡಲೇ ಊರಿಗೆ ಮರಳಬೇಕಾದವರಿಗೆ, ಪಾಸ್‌ಪೋರ್ಟ್ ಮಾಲಿಕನ ಹಿಡಿತದಲ್ಲಿ ಸಿಕ್ಕಿಕೊಂಡವರಿಗೆ, ವೀಸಾ ಮುಗಿದು ವರ್ಷಗಟ್ಟಲೆ ಅಡಗಿ ಬದುಕಿದವರಿಗೆ ಸಿಗುವುದು ತುರ್ತು ಪ್ರಮಾಣಪತ್ರ. ಗಲ್ಫಿನ ನಮ್ಮವರ ಬಾಯಲ್ಲಿ ಅದು 'ಔಟ್‌ಪಾಸ್'.

ಈ ಔಟ್‌ಪಾಸಿನ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಇನ್ನಾವುದರ ಬಗ್ಗೆಯೂ ಇಲ್ಲ. ಅದು ಭಾರತಕ್ಕೆ ಒಂದೇ ಬಾರಿ, ಒಂದೇ ದಿಕ್ಕಿನಲ್ಲಿ ಪ್ರಯಾಣಿಸಲು ಕೊಡುವ ದಾಖಲೆ. ಇವನು ನಮ್ಮ ಪ್ರಜೆ, ಒಳಗೆ ಬಿಡುತ್ತೇವೆ ಎಂದು ಭಾರತ ಹೇಳುವ ಮಾತು ಅದು. ಆ ದೇಶದಿಂದ ಹೊರಬಿಡುವ ಮಾತು ಅದರಲ್ಲಿಲ್ಲ. ವೀಸಾ ಮೀರಿ ಉಳಿದದ್ದರ ದಂಡ, ಕೆಲಸದವನು ಓಡಿಹೋದನೆಂದು ಮಾಲಿಕ ದಾಖಲಿಸಿದ ದೂರು (ಸೌದಿಯಲ್ಲಿ ಇದಕ್ಕೆ 'ಹುರೂಬ್' ಎನ್ನುತ್ತಾರೆ), ಬ್ಯಾಂಕಿನ ಸಾಲದ ಪ್ರಕರಣ ಇವೆಲ್ಲ ಇತ್ಯರ್ಥವಾಗಿ ಅಲ್ಲಿನ ವಲಸೆ ಇಲಾಖೆ ಹೊರಹೋಗುವ ಅನುಮತಿ ಕೊಡುವವರೆಗೆ ಔಟ್‌ಪಾಸ್ ಕಿಸೆಯಲ್ಲೇ ಇರುತ್ತದೆ. ಸಂಯುಕ್ತ ಅರಬ್ ಸಂಸ್ಥಾನವು 2024ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಮಾಡಿದಂತೆ ಆ ದೇಶಗಳು ಆಗಾಗ ಕ್ಷಮಾದಾನದ ಅವಧಿ ಘೋಷಿಸುತ್ತವೆ. ಆಗ ದಂಡ ಮನ್ನಾ ಆಗುತ್ತದೆ, ಭಾರತೀಯ ಕಚೇರಿಗಳಲ್ಲಿ ಔಟ್‌ಪಾಸಿಗೆ ನೂಕುನುಗ್ಗಲಾಗುತ್ತದೆ. ಅಂಥ ಅವಕಾಶವನ್ನು ನಾಳೆ ನೋಡೋಣ ಎಂದು ಕಳೆದುಕೊಳ್ಳಬಾರದು. ಟಿಕೆಟಿಗೂ ಹಣವಿಲ್ಲದೆ ಸಂಕಟದಲ್ಲಿರುವವರಿಗಾಗಿ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದನ್ನು ಸ್ಥಾಪಿಸಲಾಗಿದೆ. 2017ರಲ್ಲಿ ಅದರ ನಿಯಮಗಳನ್ನು ವಿಸ್ತರಿಸಲಾಯಿತು. ಊಟ, ವಸತಿ, ವಿಮಾನದ ಟಿಕೆಟ್, ಕಾನೂನು ನೆರವು, ತುರ್ತು ಚಿಕಿತ್ಸೆ ಹಾಗೂ ಅನಾಥವಾಗಿ ಉಳಿಯಬಹುದಾದ ಪಾರ್ಥಿವ ಶರೀರವನ್ನು ಊರಿಗೆ ತರುವ ವೆಚ್ಚವನ್ನೂ ಅರ್ಹರಿಗೆ ಅದರಿಂದ ಭರಿಸಲಾಗುತ್ತದೆ.

ಔಟ್‌ಪಾಸಿನಲ್ಲಿ ಬಂದವರು ಮತ್ತೆ ಹೊರಡಬೇಕಾದರೆ ಇಲ್ಲಿ ಹೊಸದಾಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕು. ತುರ್ತು ಪ್ರಮಾಣಪತ್ರದಲ್ಲಿ ಮರಳಿದ್ದೀರಾ ಎಂಬ ನೇರ ಪ್ರಶ್ನೆ ಅರ್ಜಿಯಲ್ಲಿದೆ. ಅದರ ಸಂಖ್ಯೆ, ದಿನಾಂಕ, ಕಾರಣವನ್ನು ಬರೆಯಬೇಕು. ಆದ್ದರಿಂದ ವಿಮಾನ ಹತ್ತುವ ಮೊದಲೇ ಅದರ ಚಿತ್ರ ತೆಗೆದಿಟ್ಟುಕೊಳ್ಳಬೇಕು.

ಬೇರೆ ದೇಶದ ಪೌರತ್ವ ಪಡೆದವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟನ್ನು ಒಪ್ಪಿಸಿ ಸರೆಂಡರ್ ಪ್ರಮಾಣಪತ್ರ ಪಡೆಯಬೇಕು. ಅವಧಿ ಉಳಿದಿದೆಯೆಂದು ಹಳೆಯ ಪಾಸ್‌ಪೋರ್ಟಿನಲ್ಲಿ ಪ್ರಯಾಣಿಸಿದರೆ ದಂಡ ತಪ್ಪದು. ಒಸಿಐ ಚೀಟಿ ಪಾಸ್‌ಪೋರ್ಟಲ್ಲ, ಜೀವನಪರ್ಯಂತದ ವೀಸಾ. ಅದನ್ನು ಹೊಂದಿದವರಿಗೆ ಮತದಾನವಿಲ್ಲ. ಕೃಷಿಭೂಮಿಯನ್ನೂ ತೋಟವನ್ನೂ ಅವರು ಕೊಳ್ಳುವಂತಿಲ್ಲ, ಆದರೆ ಹಿರಿಯರಿಂದ ಬಂದ ಅಡಿಕೆ ತೋಟದ ಪಾಲು ಉತ್ತರಾಧಿಕಾರವಾಗಿ ಸಿಗುತ್ತದೆ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ವಲಸೆ ಅನುಮತಿ ಅಗತ್ಯವೆಂಬ ಒಂದು ಷರಾ ಇರುತ್ತದೆ, ಜನ ಇದನ್ನು ಇಸಿಆರ್ ಎನ್ನುತ್ತಾರೆ. ಅಂಥವರು ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯಂತೆ ಅನುಮತಿ ಪಡೆಯಬೇಕು. ಕಿರಿಕಿರಿಯೆನಿಸಿದರೂ ಕರಾರು, ಸಂಬಳ, ವಿಮೆ ಇವುಗಳ ದಾಖಲೆ ಸರಕಾರದಲ್ಲಿ ಉಳಿಯುವುದು ಈ ಅನುಮತಿಯಿಂದಲೇ. ಅದನ್ನು ತಪ್ಪಿಸಿ ಸಂದರ್ಶಕ ವೀಸಾದಲ್ಲಿ ಕಳುಹಿಸುತ್ತೇನೆಂಬ ಏಜೆಂಟನ ಮಾತಿಗೆ ಮರುಳಾದವರೇ ಮುಂದೆ ಔಟ್‌ಪಾಸಿನ ಸಾಲಿನಲ್ಲಿ ನಿಲ್ಲುತ್ತಾರೆ. ಮೂರು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿದ್ದವರು ಮರುವಿತರಣೆಯ ಸಮಯದಲ್ಲಿ ಈ ಷರಾವನ್ನು ತೆಗೆಸಿಕೊಳ್ಳಬಹುದು.

ಆ ಮೂರು ವರ್ಷಗಳಿಗೆ ಸಾಕ್ಷಿ ಹಳೆಯ ಪಾಸ್‌ಪೋರ್ಟುಗಳಲ್ಲಿನ ವೀಸಾ ಮತ್ತು ಬಂದುಹೋದ ಮುದ್ರೆಗಳು. ರದ್ದಾಯಿತೆಂಬ ಮುದ್ರೆಯೊತ್ತಿ ಮರಳಿಸಿದ ಹಳೆಯ ಪುಸ್ತಿಕೆಯನ್ನು ಕಸವೆಂದು ಎಸೆಯುವವರಿದ್ದಾರೆ. ಎಸೆಯದವರ ಮನೆಯಲ್ಲಿ ಮಳೆಗಾಲದ ಬೂಸ್ಟು ಮತ್ತು ಒರಲೆ ಅದನ್ನು ಮುಗಿಸುತ್ತವೆ. ಅಂದು ಸಂಜೆ ನಾನು ಮತ್ತು ಅಕ್ಕ ಕಪಾಟಿನ ಕೆಳಗಿನ ಅಂಕಣವನ್ನು ಬರಿದು ಮಾಡಿದೆವು. ಭಾವ 1980ರ ದಶಕದಲ್ಲಿ ಬಹ್ರೈನಿಗೆ ಹೋಗಿದ್ದಾಗಿನ, ಕೈಬರಹದಲ್ಲಿ ತುಂಬಿಸಿದ ಪಾಸ್‌ಪೋರ್ಟೂ ಅಲ್ಲಿತ್ತು. ಅದರಲ್ಲಿ ಅವರ ಹೆಸರನ್ನು ಯಾರೋ ಗುಮಾಸ್ತರು ನೀಲಿ ಶಾಯಿಯಲ್ಲಿ ಬರೆದಿದ್ದರು, ಕೊನೆಯ ಅಕ್ಷರ 'ವೈ'. ಅದರ ಚಿತ್ರ ತೆಗೆದು ಕುವೈತಿಗೆ ಕಳುಹಿಸಿದೆವು. ಆಮೇಲೆ ಎಲ್ಲವನ್ನೂ ಒಲೆಯ ಬದಿಯ ಬೆಚ್ಚಗಿನ ಜಾಗದಲ್ಲಿ ಸ್ವಲ್ಪ ಹೊತ್ತು ಹರಡಿಟ್ಟು, ಒಣಗಿದ ಮೇಲೆ ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಾಕಿ ಮೇಲಿನ ಅಂಕಣದಲ್ಲಿಟ್ಟೆವು.